ಹಿಮ್ಮಡಿ ಬೋರೇಗೌಡರ ಹತ್ತು ಗುಂಟೆ

ಬೋರೇಗೌಡರು ಯಾರ ಹೊಲಕ್ಕೆ ಹೋದರೂ ಬದುವಿನ ಮೇಲೆ ಚಪ್ಪಲಿ ಬಿಟ್ಟೇ ಒಳಗೆ ಕಾಲಿಡುತ್ತಿದ್ದರು. ನೋಡಿದವರು ಭೂಮಿತಾಯಿಯ ಮೇಲಿನ ಭಕ್ತಿ ಅಂದುಕೊಳ್ಳಬೇಕು. ಭಕ್ತಿ ಇತ್ತೋ ಇಲ್ಲವೋ, ಚಪ್ಪಲಿ ಬಿಡುತ್ತಿದ್ದದ್ದು ಮಾತ್ರ ಅದಕ್ಕಲ್ಲ. ನಾಲ್ಕು ಹೆಜ್ಜೆ ಒಳಗೆ ಹೋಗಿ, ಬಲಗಾಲಿನ ಹಿಮ್ಮಡಿಯನ್ನು ಮಣ್ಣಿಗೆ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಕಣ್ಣು ಅರೆಮುಚ್ಚಿ ನಿಲ್ಲುತ್ತಿದ್ದರು. ಹಿಮ್ಮಡಿ ಇಳಿದರೆ “ಉಸ್ರಾಡ್ತಾ ಅದೆ ಬುಡು” ಎಂದು ಖುಷಿಯಾಗುತ್ತಿದ್ದರು. ಇಳಿಯದಿದ್ದರೆ ಹೊಲದ ಯಜಮಾನನ ಮುಖ ನೋಡಿ, “ನಿನ್ನೊಲ ಉಸ್ರು ಕಟ್ಕಂಡು ಕೂತದೆ ಕಣ್ಲಾ. ಗೊಬ್ಬರ ಎರಚೋದು ನಿಲ್ಸಿ ಒಂಚೂರು ಅದರ ಮಕ ನೋಡು” ಅನ್ನುತ್ತಿದ್ದರು. ಕೇಳಿಸಿಕೊಂಡವನಿಗೆ ಮೈ ಉರಿಯುತ್ತಿತ್ತು. ತನ್ನ ಹೊಲವನ್ನು ಇನ್ನೊಬ್ಬರು ಹಿಮ್ಮಡಿಯಲ್ಲಿ ಒತ್ತಿ ನೋಡಿ ಬೈಯುವುದನ್ನು ಯಾರು ತಾನೇ ಸಹಿಸುತ್ತಾರೆ?

ಹಾಗಾಗಿ ಊರಿನವರು ಅವರಿಗೆ ಹಿಮ್ಮಡಿ ಬೋರೇಗೌಡ ಎಂದೇ ಹೆಸರಿಟ್ಟಿದ್ದರು. ಉದ್ದನೆಯ, ಒಣಕಲು ಆಳು. ಮಾಸಲು ಅಂಗಿ, ಪಟಾಪಟಿ ಚಡ್ಡಿ, ಹೆಗಲ ಮೇಲೊಂದು ಟವೆಲ್ಲು. ಆ ಹೆಸರಾಂತ ಹಿಮ್ಮಡಿಯಾದರೋ ಒಡೆದು ಬಿರುಕು ಬಿಟ್ಟು ಬೇಸಿಗೆಯ ಕೆರೆಯಂಗಳದ ಹಾಗಿತ್ತು. ಅವರ ಹೆಂಡತಿ ಕೆಂಪಮ್ಮ ರಾತ್ರಿ ಮಲಗುವ ಮುಂಚೆ ಹರಳೆಣ್ಣೆ ಹಚ್ಚಿಕೊಳ್ಳಿ ಎಂದು ಬಟ್ಟಲು ಕೊಟ್ಟರೆ, “ಮೆತ್ತಗಾದ್ರೆ ಅದುಕ್ಕೆ ಏನೂ ಗೊತ್ತಾಗಕಿಲ್ಲ ಕಣಮ್ಮಿ” ಎಂದು ಪಕ್ಕಕ್ಕೆ ಸರಿಸುತ್ತಿದ್ದರಂತೆ.

ನಾನು ಬಿಂಡಿಗನವಿಲೆ ಕಡೆಯ ಹುಡುಗಿ. ಮಳೆ ಬಂದರೆ ರಾಗಿ, ಬಾರದಿದ್ದರೆ ಕುರಿ ಎಂದು ಬದುಕುವ ಸೀಮೆ ನಮ್ಮದು. ಬೂಕನಕೆರೆಗೆ ಮೂರು ಮೈಲಿಯ ಈ ಊರಿಗೆ ಸೊಸೆಯಾಗಿ ಬಂದಾಗ ನಾಲೆಯ ನೀರು, ಕಬ್ಬು, ಭತ್ತ ನೋಡಿ ಸ್ವರ್ಗಕ್ಕೇ ಬಂದೆ ಅಂದುಕೊಂಡಿದ್ದೆ. ಬೋರೇಗೌಡರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವರು ನನ್ನ ಮಾವನವರಿಗೆ ವರಸೆಯಲ್ಲಿ ಅಣ್ಣನಾಗಬೇಕು. ಹಾಗಾಗಿ ನನಗೂ ಅವರು ಮಾವ, ಕೆಂಪಮ್ಮ ನನ್ನ ಬಾಯಲ್ಲಿ ಕೆಂಪವ್ವ.

ಅವರನ್ನು ನಾನು ಸರಿಯಾಗಿ ನೋಡಿದ್ದು ಮನೆಯಲ್ಲಲ್ಲ, ಬಸ್ಸಿನಲ್ಲಿ. ಮದುವೆಯಾದ ಮರುವರ್ಷ ಶ್ರೀರಂಗಪಟ್ಟಣದ ನೆಂಟರ ಮನೆಗೆ ಹೋಗಿ ಹಿಂದಿರುಗುತ್ತಿದ್ದೆ. ಪಾಂಡವಪುರದಲ್ಲಿ ಬಸ್ಸು ಬದಲಿಸಿ ಕೂತರೆ ಮುಂದಿನ ಸೀಟಿನಲ್ಲಿ ಬೋರೇಗೌಡರು, ಅವರ ಕಾಲ ಬುಡದಲ್ಲಿ ಬಾಯಿ ಕಟ್ಟಿದ ಎರಡು ಗೋಣಿಚೀಲ. ಕಂಡಕ್ಟರು ಒಂದನ್ನು ಅಲುಗಾಡಿಸಿ ನೋಡಿ ಕೇಳಿದ.

“ಏನ್ ಯಜಮಾನ್ರೇ ಇದ್ರಲ್ಲಿ?”

“ಮಣ್ಣು.”

“ಮಣ್ಣಾ? ನಿಮ್ಮೂರಲ್ಲಿ ಮಣ್ಣಿಲ್ವಾ?”

“ಅದೆ. ಅದಕ್ಕೆ ಜೀವ ಇಲ್ಲ.”

ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರು ಲಗೇಜಿನ ಟಿಕೆಟ್ಟು ಹರಿದೇ ಹರಿದ. ನಾನು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತೆ. ನಮ್ಮವರು ಎಂದು ಯಾರಿಗೂ ಗೊತ್ತಾಗದಿದ್ದರೆ ಸಾಕಾಗಿತ್ತು. ಇಳಿಯುವಾಗ ಅವರೇ ತಿರುಗಿ, “ಮಂಗ್ಳ, ಒಂದು ಮೂಟೆ ಇಡ್ಕೊ ಬಾ ಮಗ” ಎಂದು ಎಲ್ಲರೆದುರು ಕರೆದರು.

ದಾರಿಯಲ್ಲಿ ಆ ಮಣ್ಣಿನ ಕತೆ ಹೇಳಿದರು. ಹರೆಯದಲ್ಲಿ ಅವರು ಶ್ರೀರಂಗಪಟ್ಟಣದ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದರು. ಗಿರಣಿಯ ಹಿಂದೆ ಬಾಷಾ ಸಾಬರೆಂಬ ಜಟಕಾದವರ ಮನೆ. ಸಾಬರು ಕುದುರೆಗೆಂದು ಹಿತ್ತಲಲ್ಲಿ ಒಂದು ಪಟ್ಟೆ ಕುದುರೆ ಮಸಾಲೆ ಸೊಪ್ಪು ಬೆಳೆಯುತ್ತಿದ್ದರು. ಹೆಸರು ಕೇಳಿ ನಾನು ಹುರುಳಿ ಸಾರಿಗೆ ಹಾಕುವ ಪುಡಿ ಅಂದುಕೊಂಡಿದ್ದೆ. ಅದು ಮೆಂತ್ಯದ ಸೊಪ್ಪನ್ನೇ ಹೋಲುವ ಮೂರೆಲೆಯ ಮೇವು. ಮೊಣಕಾಲುದ್ದ ಬೆಳೆದು ನೇರಳೆ ಹೂ ಬಿಡುತ್ತದೆ. ಒಮ್ಮೆ ಬಿತ್ತಿದರೆ ತಿಂಗಳಿಗೊಂದು ಕೊಯ್ಲಿನ ಹಾಗೆ ಮೂರು ನಾಲ್ಕು ವರ್ಷ ಕೊಡುತ್ತಲೇ ಇರುತ್ತದೆ. “ಘೋಡಾ ತಿಂದ್ರೆ ಓಡ್ತದೆ ಬೇಟಾ, ಜಮೀನ್ ತಿಂದ್ರೆ ಎದ್ದು ಕೂರ್ತದೆ” ಎಂದು ಸಾಬರು ಹೇಳುತ್ತಿದ್ದರಂತೆ. ಜಟಕಾ ಹೋಯಿತು, ಕುದುರೆ ಹೋಯಿತು, ಸಾಬರೂ ಹೋದರು. ಅವರ ಮಗ ಆಡಿಗೆಂದು ಆ ಪಟ್ಟೆಯನ್ನು ಉಳಿಸಿಕೊಂಡಿದ್ದ. ಅಲ್ಲಿಂದ ಬಂದದ್ದು ಈ ಮಣ್ಣು.

“ಬೀಜ ಪ್ಯಾಟೇಲಿ ಸಿಗ್ತದೆ ಕಣವ್ವ. ಬೀಜ ಒಂದೇ ಸಾಲ್ದು. ಈ ಬೆಳೆ ಕಾಣದೇ ಇರೋ ನೆಲಕ್ಕೆ, ಅದ ಕಂಡಿರೋ ನೆಲದ ಮಣ್ಣ ಒಂಚೂರು ಬೆರಸ್ಬೇಕು. ಆಲಿಗೆ ಎಪ್ಪು ಆಕಲ್ವಾ, ಅಂಗೆ” ಅಂದರು. ನನಗೆ ಆಗ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಅವರೇ ಒಂದು ಗಿಡ ಕಿತ್ತು ಬೇರಿನಲ್ಲಿ ಸಾಸಿವೆ ಗಾತ್ರದ ಗಂಟುಗಳನ್ನು ತೋರಿಸಿದರು. ಉಗುರಿನಲ್ಲಿ ಚಿವುಟಿದರೆ ಒಳಗೆ ನಸುಗೆಂಪು. “ನೋಡು, ಇಲ್ಲೇ ಗೊಬ್ಬರದ ಅಂಗಡಿ ಇರೋದು. ಇದುಕ್ಕೆ ಬಾಗಿಲೂ ಇಲ್ಲ, ಬೀಗಾನೂ ಇಲ್ಲ.”

ಆ ಮಣ್ಣು, ಆ ಬೀಜ ಹೋಗಿ ಸೇರಿದ್ದು ಎಂಥ ಜಾಗಕ್ಕೆ ಎಂದರೆ, ಊರಿನವರು ಮತ್ತೆ ಬಿದ್ದು ಬಿದ್ದು ನಕ್ಕರು. ರಸ್ತೆ ಬದಿಯಲ್ಲಿ ಬೋರೇಗೌಡರಿಗೆ ಹತ್ತು ಗುಂಟೆ ಇತ್ತು. ಅವರ ಅಪ್ಪನ ಕಾಲದಿಂದಲೂ ಕಬ್ಬಿನ ಲಾರಿಗಳು ನಿಂತು ಲೋಡು ತುಂಬುತ್ತಿದ್ದ ಜಾಗ ಅದು. ಲಾರಿಯ ಗಾಲಿ, ಎತ್ತಿನ ಗಾಡಿ, ಕಬ್ಬು ಹೊರುವವರ ಕಾಲು ಎಲ್ಲ ಸೇರಿ ತುಳಿದು ತುಳಿದು ಆ ನೆಲ ಕಣದ ಹಾಗೆ ಗಟ್ಟಿಯಾಗಿತ್ತು. ಮಳೆ ಬಂದರೆ ನೀರು ಇಂಗುತ್ತಿರಲಿಲ್ಲ, ಮೇಲೇ ನಿಂತು ಸೊಳ್ಳೆಯಾಗುತ್ತಿತ್ತು. ಟ್ರಾಕ್ಟರಿನ ನೇಗಿಲು ಎರಡು ಸಲ ಮುರಿದಿತ್ತು. ಬೋರೇಗೌಡರು ಆ ನೆಲದ ಮೇಲೆ ಹಾರೆಯಲ್ಲಿ ಗೀರು ಎಳೆದು, ಎರಡು ಅಂಗುಲ ಮಾತ್ರ ಕೆದಕಿ, ಸಾಬರ ಮಣ್ಣಿನೊಂದಿಗೆ ಮರಳು ಕಲಸಿ ಬೀಜ ಉದುರಿಸಿದರು.

ನಮ್ಮೂರಿನ ಪುಟ್ಟೇಗೌಡರು, ಬೋರೇಗೌಡರ ಓರಗೆಯವರು, ಬದುವಿನ ಮೇಲೆ ಬೀಡಿ ಸೇದುತ್ತ ನಿಂತು ಕೇಳಿದರು. “ಏನ್ಲಾ ಬೋರ, ಟ್ರಾಕ್ಟರಿಗೇ ಬಗ್ಗದ ನೆಲ ನಿನ್ನ ಸೊಪ್ಪಿಗೆ ಬಗ್ತದಾ?”

“ಟ್ರಾಕ್ಟರು ಒಂದಡಿ ಓಯ್ತದೆ. ಇದರ ಬೇರು ಆಳುದ್ದ ಓಯ್ತದೆ.”

“ಆಳುದ್ದ! ನೀನು ಇಳ್ದು ನೋಡಿ ಬಂದ್ಯಾ?”

“ಇಳ್ದಾಗ ನೋಡನ ಬುಡ್ಲಾ.”

ಆ ‘ಆಳುದ್ದ’ ಊರಿಗೆಲ್ಲ ಆಡಿಕೊಳ್ಳಲು ಸಿಕ್ಕ ಮಾತಾಯಿತು. ಯಾರಾದರೂ ಬಡಾಯಿ ಕೊಚ್ಚಿದರೆ “ಓಹೋ, ಆಳುದ್ದ ಬುಟ್ಟ” ಅನ್ನುವುದು ರೂಢಿಗೆ ಬಂತು. ಬೋರೇಗೌಡರು ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲ ಎರಡು ತಿಂಗಳು ಮೇಲೆ ಬೆರಳುದ್ದದ ಬಡಕಲು ಸಸಿ. ಮರುವರ್ಷಕ್ಕೆ ಮೊಣಕಾಲುದ್ದದ ಹಸಿರು. ಅವರ ಎರಡು ಹಸುಗಳ ಹಾಲು ಡೈರಿಯಲ್ಲಿ ಗಟ್ಟಿ ಎಂದು ಹೆಸರಾಯಿತು. ಹತ್ತು ಗುಂಟೆಯನ್ನು ಅವರು ಎರಡು ಭಾಗ ಮಾಡಿ, ಒಂದರಲ್ಲಿ ಸೊಪ್ಪು ಮೂರು ನಾಲ್ಕು ವರ್ಷ ನಿಂತ ಮೇಲೆ ಅದನ್ನು ಉತ್ತು ರಾಗಿ ಹಾಕಿ, ಸೊಪ್ಪನ್ನು ಇನ್ನೊಂದಕ್ಕೆ ದಾಟಿಸುತ್ತಿದ್ದರು. ಅಲ್ಲಿ ಬಂದ ರಾಗಿಯ ತೆನೆ ನೋಡಿದ ಮೇಲೆ ನಗುವವರು ಸ್ವಲ್ಪ ಕಡಿಮೆಯಾದರು.

ಬೋರೇಗೌಡರಿಗೆ ಇದ್ದದ್ದು ಒಂದೇ ಆಸೆ. ತನ್ನ ಹತ್ತು ಗುಂಟೆ ಎದ್ದರೆ ಸಾಲದು, ಊರಿನ ಪ್ರತಿ ಮನೆಯವರೂ ಎರಡೆರಡು ಗುಂಟೆಯಾದರೂ ಇದನ್ನು ಬೆಳೆಯಬೇಕು, ಮೂರು ನಾಲ್ಕು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತ ಹೋಗಬೇಕು, ತಮ್ಮ ಕಾಲದಲ್ಲೇ ಊರಿನ ಮಣ್ಣು ಉಸಿರಾಡುವುದನ್ನು ನೋಡಬೇಕು. ಡೈರಿಯ ಜಗಲಿಯಲ್ಲಿ ಕ್ಯಾನು ಹಿಡಿದು ನಿಂತವರಿಗೆಲ್ಲ ಇದೇ ಪಾಠ. “ಅಸೀಗೆ ಮೇವು ಆಕ್ದೆ ಆಲು ಕರೀತೀರಾ? ಇಲ್ಲ ತಾನೆ? ಮತ್ತೆ ನೆಲಕ್ಕೆ ತಿನ್ನಿಸದೆ ಎಂಗ್ಲಾ ಕರೀತಾ ಇದ್ದೀರಿ?” ಎಂದು ಕೇಳುತ್ತಿದ್ದರು. ಕೊನೆಗೆ ನಾಲ್ಕು ಮನೆಯವರು ಒಪ್ಪಿದರು. ಅದರಲ್ಲಿ ನಮ್ಮದೂ ಒಂದು. ನಮ್ಮ ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ. ಕಂಡು ಕೇಳರಿಯದ ಸೊಪ್ಪು ಎಂದು ಗೊಣಗಿದರು. ನಾನೇ ಹಟ ಹಿಡಿದು ಎರಡು ಗುಂಟೆಗೆ ಹಾಕಿಸಿದೆ, ಏಕೆಂದರೆ ನನಗೆ ನನ್ನ ಹಸುವಿನ ಚಿಂತೆ.

ಅದು ನನ್ನಪ್ಪ ಬಳುವಳಿಯಾಗಿ ಹೊಡೆದುಕೊಟ್ಟ ಹಸು, ಬೆಳ್ಳಿ. ತವರಿನಿಂದ ನನ್ನ ಜೊತೆ ನಡೆದು ಬಂದ ಜೀವ ಅದೊಂದೇ. ಈ ಮನೆಯಲ್ಲಿ ಮೊದಲ ತಿಂಗಳು ನಾನು ಅತ್ತದ್ದೆಲ್ಲ ಅದರ ಕೊರಳು ತಬ್ಬಿಕೊಂಡೇ. ಸೊಪ್ಪು ಕೊಡಲು ಶುರು ಮಾಡುವ ಮುಂಚೆ ಬೋರೇಗೌಡರು ನನ್ನನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಮಗ್ಗಿ ಹೇಳಿಸುವ ಹಾಗೆ ಹೇಳಿಸಿದರು.

“ಮೊದ್ಲು ಏನು?”

“ಒಣಹುಲ್ಲು.”

“ಆಮ್ಯಾಕೆ?”

“ಸೊಪ್ಪು.”

“ಯಾವಾಗ ಕುಯ್ಯಬೇಕು?”

“ಬಿಸಿಲು ಬಂದ ಮೇಲೆ.”

“ಇಬ್ಬನಿ ಇದ್ರೆ?”

“ಮುಟ್ಟಬಾರದು.”

“ಸರಿಯಾಗಿ ಕೇಳ್ಕೊ ಮಗ. ಇದು ಬಂಗಾರ, ಬಂಗಾರವ ಯಾರೂ ಬಾಚಿ ಬಾಚಿ ತಿನ್ನಕಿಲ್ಲ. ಬರೀ ಒಟ್ಟೇಲಿ ನೆಂದ ಸೊಪ್ಪು ತಿಂದ್ರೆ ಗಾಳಿ ಕಟ್ಕಂಡು ಒಟ್ಟೆ ಉಬ್ಬರುಸ್ತದೆ. ಉಬ್ಬರಿಸಿದ್ರೆ ನಮ್ಮ ಕೈಲಿಲ್ಲ.” ಇಷ್ಟನ್ನೂ ಅವರು ನನಗೆ ಹೇಳಿದ್ದರು. ಒಂದಲ್ಲ, ಹತ್ತು ಸಲ ಹೇಳಿದ್ದರು. ಇದನ್ನು ನಾನು ಇಲ್ಲಿ ಬರೆದಿಡಲೇಬೇಕು.

ಒಂದು ವರ್ಷ ಎಲ್ಲ ಸರಿಯಾಗಿ ನಡೆಯಿತು. ಆ ಕಾರ್ತಿಕದಲ್ಲಿ ಬೆಳ್ಳಿ ಕರು ಹಾಕಿತು. ಅದಾದ ಒಂದು ತಿಂಗಳಿಗೆ ನಾಗಮಂಗಲದಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಬೆಳಗಿನ ಮೊದಲ ಬಸ್ಸು ಹಿಡಿದರೆ ಧಾರೆಗೆ ಸಿಗಬಹುದಿತ್ತು. ಅತ್ತೆ ಹಿಂದಿನ ದಿನವೇ ಮಗಳ ಮನೆಗೆ ಹೋಗಿದ್ದರು, ನನ್ನ ಗಂಡ ಭತ್ತದ ಕೊಯ್ಲಿನ ಕಣದಲ್ಲಿದ್ದರು. ಹಸುವಿಗೆ ಹೊಟ್ಟೆ ತುಂಬ ಹಾಕಿ ಹೋಗೋಣ, ಸಂಜೆವರೆಗೂ ಯಾರನ್ನೂ ಕೇಳುವಂತಿಲ್ಲ ಎಂದು ಬೆಳಕು ಹರಿಯುವ ಮುಂಚೆಯೇ ಕುಡುಗೋಲು ಹಿಡಿದು ಹೋದೆ. ಇಬ್ಬನಿ ಬಿದ್ದು ಸೊಪ್ಪು ತೊಪ್ಪೆಯಾಗಿತ್ತು, ಸೀರೆಯ ನೆರಿಗೆಯಿಂದ ನೀರು ಸೋರುತ್ತಿತ್ತು. ಮನೆಗೆ ಬಂದು ಅದನ್ನು ಬಿಚ್ಚಿ ರೇಷ್ಮೆ ಸೀರೆ ಉಟ್ಟೆ. ಒಣಹುಲ್ಲು ಅಟ್ಟದ ಮೇಲಿತ್ತು. ಅಟ್ಟ ಹತ್ತಿದರೆ ಉಟ್ಟ ನೆರಿಗೆ ಕೆಡುತ್ತಿತ್ತು. ಒಂದು ದಿನಕ್ಕೆ ಏನಾದೀತು ಅಂದುಕೊಂಡೆ. ಎರಡು ಹೊರೆಯಷ್ಟನ್ನು ಗೋದಲಿಗೆ ಸುರಿದು ತಲೆ ಬಾಚಲು ಒಳಗೆ ಹೋದೆ.

ಜಡೆಗೆ ಹೂ ಮುಡಿಯುತ್ತಿದ್ದಾಗ ಕೊಟ್ಟಿಗೆಯಿಂದ ಧೊಪ್ಪೆಂದು ಸದ್ದು ಬಂತು. ಓಡಿ ಹೋದರೆ ಬೆಳ್ಳಿ ಬಿದ್ದು ಕಾಲು ಝಾಡಿಸುತ್ತಿತ್ತು. ಎಡಪಕ್ಕೆ ತಮಟೆಯಂತೆ ಬಿಗಿದುಕೊಂಡಿತ್ತು, ನಾಲಿಗೆ ಹೊರಗೆ ಬಂದಿತ್ತು. ನನ್ನ ಕೂಗಿಗೆ ಗೋಡೆಯಾಚೆಯಿಂದ ಬೋರೇಗೌಡರೂ ಕೆಂಪವ್ವನೂ ಬಂದರು. ಬೋರೇಗೌಡರು ಬೇವಿನ ಕಡ್ಡಿ ಮುರಿದು ಅದರ ಬಾಯಿಗೆ ಅಡ್ಡ ಕಟ್ಟಿದರು, ಕೆಂಪವ್ವನ ಕೈಯಿಂದ ಕಡಲೆಕಾಯಿ ಎಣ್ಣೆ ಇಸಿದುಕೊಂಡು ಬಿದಿರಿನ ಗೊಟ್ಟದಲ್ಲಿ ಕುಡಿಸಿದರು, ಪಕ್ಕೆ ತಿಕ್ಕಿದರು. ಡಾಕ್ಟರನ್ನು ಕರೆತರಲು ಯಾರೋ ಸೈಕಲ್ಲು ಹತ್ತಿ ಹೋದರು. ಡಾಕ್ಟರು ಬರುವ ಮುಂಚೆಯೇ ಬೆಳ್ಳಿಯ ಕಣ್ಣು ನಿಂತಿತ್ತು. ಕರು ಕಟ್ಟಿದ ಕಡೆಯಿಂದ ಕೂಗುತ್ತಲೇ ಇತ್ತು.

ಬೋರೇಗೌಡರು ಎದ್ದು ನಿಂತು ಗೋದಲಿ ನೋಡಿದರು. ಅದರಲ್ಲಿ ಒಣಹುಲ್ಲಿನ ಒಂದು ಎಳೆಯೂ ಇರಲಿಲ್ಲ, ನೀರು ತೊಟ್ಟಿಕ್ಕುವ ಸೊಪ್ಪು ಇನ್ನೂ ಅರ್ಧ ಉಳಿದಿತ್ತು. ನನ್ನ ರೇಷ್ಮೆ ಸೀರೆ ನೋಡಿದರು. ಬೀದಿಯಲ್ಲಿ ಜನರ ಮಾತು ಹತ್ತಿರವಾಗುತ್ತಿತ್ತು. ಅವರು ಹೆಗಲಿನ ಟವೆಲ್ಲು ತೆಗೆದು ಹಾಸಿ, ಆ ಸೊಪ್ಪನ್ನೆಲ್ಲ ಬಾಚಿ ಗಂಟು ಕಟ್ಟಿ, ಹೆಗಲಿಗೇರಿಸಿಕೊಂಡು ಹಿತ್ತಲ ಬಾಗಿಲಿಂದ ಹೊರಗೆ ಹೋದರು. ಮರಳಿ ಬಂದಾಗ ಟವೆಲ್ಲು ಖಾಲಿಯಿತ್ತು. ಅಂಗಿಯ ಬಲಭುಜ ನೆನೆದು ಮೈಗೆ ಅಂಟಿಕೊಂಡಿತ್ತು.

ಅಷ್ಟರಲ್ಲಿ ಕೊಟ್ಟಿಗೆ ತುಂಬ ಜನ. ಏನು ತಿಂತು, ಏನು ತಿಂತು ಎಂದು ಎಲ್ಲರದೂ ಒಂದೇ ಪ್ರಶ್ನೆ. ಬಾಣಂತಿ ಹಸುವನ್ನು ಕೊಂದವಳು ಎಂದು ಅತ್ತೆ ಅನ್ನುವುದು, ಗೋಹತ್ಯೆ ಎಂದು ಊರು ಅನ್ನುವುದು, ಎಲ್ಲ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು. ಬೋರೇಗೌಡರೇ ಮುಂದೆ ಬಂದರು.

“ನನ್ನ ಸೊಪ್ಪೇ ತಿಂದಿರೋದು. ಒಣ ಉಲ್ಲು ಮೊದ್ಲು ಆಕ್ಬೇಕು ಅಂತ ನಾನು ಈ ಮಗೀಗೆ ಯೋಳಿರ್ನಿಲ್ಲ. ಮರ್ತುಬುಟ್ಟೆ. ತಪ್ಪು ನಂದು.”

ನಾನು ಸುಮ್ಮನೆ ನಿಂತಿದ್ದೆ. ಒಂದೇ ಒಂದು ಮಾತು, ಅಲ್ಲ ಅನ್ನುವ ಒಂದು ಮಾತು ಸಾಕಿತ್ತು. ನಾನು ಆಡಲಿಲ್ಲ.

ಒಂದು ವಾರದಲ್ಲಿ ಉಳಿದ ಮೂರು ಮನೆಯವರೂ ಸೊಪ್ಪನ್ನು ಉತ್ತು ಹಾಕಿದರು. ನಮ್ಮ ಎರಡು ಗುಂಟೆಗೆ ಅತ್ತೆ ಎದುರಲ್ಲೇ ನಿಂತು ನೇಗಿಲು ಹೊಡೆಸಿದರು. ಕುದುರೆ ಮಸಾಲೆ ಎಂಬ ಹೆಸರು ಹೋಗಿ ‘ಅಸ ನುಂಗೋ ಸೊಪ್ಪು’ ಆಯಿತು. ಡೈರಿಯ ಜಗಲಿಯಲ್ಲಿ ಬೋರೇಗೌಡರು ಬಾಯಿ ತೆರೆದರೆ ಜನ ಕ್ಯಾನು ಎತ್ತಿಕೊಂಡು ಹೊರಡುತ್ತಿದ್ದರು. ಅವರು ಹೊಲಗಳಿಗೆ ಹೋಗುವುದನ್ನೂ, ಹಿಮ್ಮಡಿ ಊರಿ ನೋಡುವುದನ್ನೂ ಬಿಟ್ಟರು. ತಾವಾಯಿತು, ತಮ್ಮ ಹತ್ತು ಗುಂಟೆಯಾಯಿತು.

ಅದಾದ ಮೇಲೆ ಬಂದದ್ದು ಸಂಕ್ರಾಂತಿ. ನಮ್ಮೂರಿನಲ್ಲಿ ಅವತ್ತು ಸಂಜೆ ದನಗಳಿಗೆ ಅರಿಶಿನ ಬಳಿದು, ಕೋಡಿಗೆ ಬಣ್ಣ ಹಚ್ಚಿ, ಊರ ಬಾಗಿಲಲ್ಲಿ ಹುಲ್ಲು ಹಾಸಿ ಬೆಂಕಿ ಹಚ್ಚಿ ಕಿಚ್ಚು ಹಾಯಿಸುತ್ತಾರೆ. ಆ ಹುಲ್ಲಿಗೆ ಮೊದಲ ಕಡ್ಡಿ ಗೀರುವುದು ಬೋರೇಗೌಡರ ಮನೆಯವರು, ಅವರ ಅಜ್ಜನ ಕಾಲದಿಂದ. ಆ ಸಲವೂ ಅವರು ಮಡಿಯಾಗಿ, ಬಿಳಿ ಪಂಚೆ ಉಟ್ಟು ಬೆಂಕಿಪೊಟ್ಟಣ ಹಿಡಿದು ಬಂದರು. ಪುಟ್ಟೇಗೌಡರು ಹತ್ತಿರ ಹೋಗಿ, ಮೆಲ್ಲಗೇ ಆದರೂ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಬೋರ, ಬೇಜಾರ್ ಮಾಡ್ಕೊಬ್ಯಾಡ. ಊರೋರ ಮನಸ್ಸಲ್ಲಿ ಒಂದು ಅಳುಕು ಅದೆ. ಒಂದು ಅಸ ಓಗ್ಯದೆ ನಿನ್ ಕೈಲಿ. ಈ ವರ್ಸ ಬ್ಯಾರೆಯೋರು ಗೀರ್ಲಿ.”

ಬೋರೇಗೌಡರು ಬೆಂಕಿಪೊಟ್ಟಣವನ್ನು ಪುಟ್ಟೇಗೌಡರ ಅಂಗೈಗೆ ಇಟ್ಟರು. ಹಿಂದೆ ಸರಿದು ಬೇವಿನ ಮರದ ಕೆಳಗೆ ನಿಂತರು. ಹುಲ್ಲು ಹತ್ತಿಕೊಂಡಿತು, ದನಗಳು ಹಾರಿದವು, ಹುಡುಗರು ಕೇಕೆ ಹಾಕಿದರು. ನಾನು ಹೆಂಗಸರ ಗುಂಪಿನಲ್ಲಿ ಎಳ್ಳುಬೆಲ್ಲದ ತಟ್ಟೆ ಹಿಡಿದು ನಿಂತಿದ್ದೆ. ಅವರ ಮುಖವನ್ನು ಮಾತ್ರ ನೋಡಲಾಗಲಿಲ್ಲ. ಆಮೇಲೆ ಪ್ರತಿ ಸಂಕ್ರಾಂತಿಯಲ್ಲೂ ಅವರು ಆ ಬೇವಿನ ಮರದ ಕೆಳಗೇ ನಿಲ್ಲುತ್ತಿದ್ದರು. ಹನ್ನೊಂದು ಸಂಕ್ರಾಂತಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಉಳಿಸಿಕೊಂಡ ಮಾತು ಎಲ್ಲಿಗೂ ಹೋಗುವುದಿಲ್ಲ, ಗಂಟಲಲ್ಲೇ ಕೂತಿರುತ್ತದೆ. ಒಮ್ಮೆ ಹಿತ್ತಲಲ್ಲಿ ಅವರೊಬ್ಬರೇ ಕುಡುಗೋಲು ಮಸೆಯುತ್ತಿದ್ದಾಗ ಧೈರ್ಯ ಮಾಡಿ “ಮಾವ, ಅವತ್ತು ಬೆಳ್ಳಿಗೆ...” ಎಂದು ಶುರು ಮಾಡಿದೆ. ಅವರು ತಲೆ ಎತ್ತದೆಯೇ, “ಅವತ್ತಿನ ಮೇವು ಅವತ್ತಿಗೇ ಮುಗೀತು ಬುಡವ್ವ. ನಿನ್ ಕರ ಎಂಗದೆ? ಕಡಸು ಆಗಿರ್ಬೇಕು ಈಗ” ಎಂದು ಮಾತು ತಿರುಗಿಸಿದರು. ನನಗೆ ಆಗ ಅಬ್ಬಾ, ತಪ್ಪಿತು ಅನಿಸಿತ್ತು. ಆ ನೆಮ್ಮದಿಯನ್ನು ನೆನೆದರೆ ಇವತ್ತೂ ನಾಚಿಕೆಯಾಗುತ್ತದೆ. ಅವರು ಹೊಟ್ಟೆಗೆ ಹಾಕಿಕೊಂಡದ್ದನ್ನು ನಾನು ಅವರು ಮರೆತರು ಎಂದು ಲೆಕ್ಕ ಹಾಕಿಬಿಟ್ಟೆ.

ಅತ್ತೆ ತೀರಿಕೊಂಡ ಮೇಲಾದರೂ ಹೇಳಬಹುದಿತ್ತು. ಆಗ ಬೇರೆ ನೆಪ ಸಿಕ್ಕಿತು. ನಾನು ಡೈರಿಯ ಸೆಕ್ರೆಟರಿಯಾಗಿದ್ದೆ. ದಿನವೂ ನೂರು ಜನ ನನ್ನ ಎದುರು ಹಾಲು ಅಳೆಸುತ್ತಿದ್ದರು. ಮೇವು ಹೇಗೆ ಕೊಡಬೇಕು ಎಂದು ಹೆಂಗಸರಿಗೆ ಹೇಳಿಕೊಡುತ್ತಿದ್ದವಳೇ ನಾನು. ಮೊದಲು ಒಣಹುಲ್ಲು, ಆಮೇಲೆ ಹಸಿ ಎಂದು ಹೇಳುವಾಗ ಪ್ರತಿ ಸಲವೂ ಬೋರೇಗೌಡರ ದನಿ ನನ್ನ ಬಾಯಿಂದ ಬರುತ್ತಿತ್ತು. ಅವರ ಹೆಸರು ಮಾತ್ರ ಬರುತ್ತಿರಲಿಲ್ಲ.

ಹೋದ ವರ್ಷದ ಸಂಕ್ರಾಂತಿ ಕಳೆದ ಮೇಲೆ ಅವರು ಹಾಸಿಗೆ ಹಿಡಿದರು. ಕಾಲು ಬಾತು ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಒಂದು ಬೆಳಗ್ಗೆ ರಾಗಿ ಗಂಜಿ ತೆಗೆದುಕೊಂಡು ಹೋದಾಗ ನನ್ನನ್ನು ಹತ್ತಿರ ಕರೆದರು.

“ಮಂಗ್ಳ, ಒಂದು ಕೆಲ್ಸ ಮಾಡ್ತೀಯಾ? ಗುಂಟೆ ತಾವು ಓಗಿ ಒಸಿ ನೋಡ್ಕೊ ಬಾ. ಸೆಪ್ಲಿ ಬುಟ್ಟು ಓಗು.”

ನನಗೆ ಅರ್ಥವಾಯಿತು. ಹೋಗಿ, ಬದುವಿನ ಮೇಲೆ ಚಪ್ಪಲಿ ಬಿಟ್ಟು, ನಾಲ್ಕು ವರ್ಷದಿಂದ ಸೊಪ್ಪು ನಿಂತಿದ್ದ ಭಾಗದಲ್ಲಿ ಸಾಲಿನ ನಡುವೆ ಹಿಮ್ಮಡಿ ಊರಿ ನಿಂತೆ. ಸುತ್ತ ನೇರಳೆ ಹೂ, ಜೇನುಹುಳದ ಸದ್ದು. ಲಾರಿ ನಿಲ್ಲುತ್ತಿದ್ದ ಜಾಗ ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಮರಳಿ ಬಂದು ಮಂಚದ ಪಕ್ಕ ಕೂತೆ.

“ಇಳೀತು ಮಾವ.”

“ಎಷ್ಟು?”

“ಹಿಮ್ಮಡಿ ಪೂರಾ.”

ಅವರು ಹಲ್ಲಿಲ್ಲದ ಬಾಯಲ್ಲಿ ನಕ್ಕು, ನನ್ನ ಕಾಲಿಗೆ ಮೆತ್ತಿದ್ದ ಮಣ್ಣನ್ನೇ ನೋಡುತ್ತ ಮಲಗಿದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆಗ ಹೇಳಬೇಕಿತ್ತು. ಗಂಜಿ ಆರುತ್ತದೆ ಎಂದೆ. ಮೂರನೆಯ ದಿನ ಬೆಳಗ್ಗೆ ಅವರು ಹೋದರು.

ಹತ್ತು ಗುಂಟೆಯಲ್ಲೇ ಮಣ್ಣು ಮಾಡಬೇಕೆಂದು ಕೆಂಪವ್ವ ಹೇಳಿದರು. ಆ ಜಾಗದ ಹಳೆಯ ಗಟ್ಟಿತನ ನೆನಪಿದ್ದವರು ಗುಣಿ ತೋಡಲು ನಾಲ್ಕು ಹಾರೆ ತಂದರು, ಮಧ್ಯಾಹ್ನ ಮೀರುತ್ತದೆ ಎಂದು ಮಾತಾಡಿಕೊಂಡರು. ಹಾರೆ ಬೇಕಾಗಲೇ ಇಲ್ಲ. ಗುದ್ದಲಿ ಹಾಕಿದರೆ ಹಾಕಿದಷ್ಟೂ ಹೋಗುತ್ತಿತ್ತು. ಮಣ್ಣು ಕಪ್ಪಗೆ, ಪುಡಿಪುಡಿಯಾಗಿ ಬರುತ್ತಿತ್ತು, ಅದರ ತುಂಬ ಎರೆಹುಳ. ತೋಡುತ್ತಿದ್ದ ಒಬ್ಬ ಸೊಂಟದ ಮಟ್ಟಕ್ಕೆ ಇಳಿದ, ಎದೆಮಟ್ಟಕ್ಕೆ ಇಳಿದ, ತಲೆ ಮುಳುಗುವಷ್ಟು ಇಳಿದ. ಅಲ್ಲಿಂದ ಕೂಗಿದ. “ಗೌಡ್ರೇ, ಇಲ್ಲಿ ಬಂದು ನೋಡಿ.”

ನಾವು ಬಗ್ಗಿ ನೋಡಿದೆವು. ಗುಣಿಯ ಗೋಡೆಯಲ್ಲಿ ಬೆರಳು ದಪ್ಪದ ಬೇರುಗಳು ಮೇಲಿನಿಂದ ನೆಟ್ಟಗೆ ಇಳಿದಿದ್ದವು. ಆತನ ತಲೆಗೂ ಮೇಲಿನಿಂದ ಹೊರಟು, ಎದೆ ದಾಟಿ, ಸೊಂಟ ದಾಟಿ, ಪಾದದ ಹತ್ತಿರ ದಾರದಂತೆ ಸಣ್ಣಗಾಗಿ ಇನ್ನೂ ಕೆಳಗೆ ಹೋಗಿದ್ದವು. ಪುಟ್ಟೇಗೌಡರು ಕೋಲೂರಿಕೊಂಡು ಬಹಳ ಹೊತ್ತು ನೋಡಿದರು.

“ಆಳುದ್ದ ಅಂದಿದ್ದ. ಆಳುದ್ದವೇ ಓಗ್ಯದೆ” ಅಂದರು. “ಒಳ್ಳೇ ಬೆಳೆ ಕಣಪ್ಪ. ಅವತ್ತು ಆ ಒಂದು ಮಾತು ಯೋಳೋದು ಮರೀದೆ ಇದ್ದಿದ್ರೆ ಇವತ್ತು ಊರೆಲ್ಲ ಇಂಗೇ ಇರೋದು.”

“ಮರೆತಿರಲಿಲ್ಲ” ಅಂದೆ.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಎಲ್ಲರೂ ನನ್ನ ಕಡೆ ತಿರುಗಿದರು. “ಮಾವ ನನಗೆ ಹತ್ತು ಸಲ ಹೇಳಿದ್ರು. ಮದುವೆಗೆ ಹೋಗೋ ಅವಸರಕ್ಕೆ ಇಬ್ಬನಿ ಸೊಪ್ಪು ಕೊಯ್ದು ಬರೀ ಹೊಟ್ಟೆಗೆ ಹಾಕಿದವಳು ನಾನು. ಬೆಳ್ಳೀನ ಕೊಂದವಳು ನಾನು. ಉಳಿದ ಸೊಪ್ಪನ್ನ ನೀವು ನೋಡಬಾರದು ಅಂತ ಅವರು ಹೊತ್ತುಕೊಂಡು ಹೋದ್ರು. ಕಡ್ಡಿ ಗೀರೋ ಕೈ ಅವರದೇ ಆಗಿತ್ತು. ನಾನು ಸುಮ್ಮನಿದ್ದೆ.”

ಪುಟ್ಟೇಗೌಡರು ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟರು. ಯಾರಾದರೂ ಬೈಯಲಿ ಎಂದು ಕಾದೆ. ಯಾರೂ ಬೈಯಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚಾಗಿ ಸುಟ್ಟಿತು. ಕೆಂಪವ್ವನ ಹತ್ತಿರ ಹೋಗಿ ಅವರ ಕಾಲು ಹಿಡಿಯಲು ಬಗ್ಗಿದೆ. ಅವರು ನನ್ನ ರೆಟ್ಟೆ ಹಿಡಿದು ಎಬ್ಬಿಸಿದರು.

“ನಂಗೆ ಗೊತ್ತಿತ್ತು ಕಣವ್ವ. ಅವತ್ತೇ ಯೋಳಿದ್ರು. ಆ ಮಗ ಒಂದಿನ ತಾನೇ ಬಾಯಿ ಬುಡ್ತಾಳೆ, ಕಾಯನ, ನೀನು ಮಾತ್ರ ಕೇಳಬ್ಯಾಡ ಅಂದಿದ್ರು. ನಾನು ಕೇಳ್ನಿಲ್ಲ.” ಗುಣಿಯ ಪಕ್ಕದಲ್ಲಿ ಮಲಗಿಸಿದ್ದ ಗಂಡನನ್ನು ನೋಡಿದರು. “ಕಾಯನ ಅಂದೋರು ಅವ್ರೇ. ಕಾಯ್ದೆ ಮುಂಚೇನೇ ಓದೋರೂ ಅವ್ರೇ ನೋಡು.”

ಅವರನ್ನು ಇಳಿಸಿದರು. ಮನೆಯವರು ಹಾಕಿದ ಮೇಲೆ ಮೂರು ಹಿಡಿ ಮಣ್ಣು ಹಾಕುವ ಸರದಿ ನನಗೂ ಬಂತು. ಬದುವಿನ ಮೇಲೆ ಚಪ್ಪಲಿ ಬಿಟ್ಟು ಹೋದೆ. ಗುಣಿಯ ಅಂಚಿನಲ್ಲಿ ಬಗ್ಗಿದಾಗ ಹಿಮ್ಮಡಿ ತಾನಾಗಿ ಮಣ್ಣಿನೊಳಗೆ ಹೋಯಿತು.

“ಇಳೀತು ಮಾವ” ಅಂದೆ.